ಪಂಚಮಿಗೆ ಎದ್ದ ಗೋಡೆ

ಮಳೆಗಾಲದಲ್ಲಿ ಮನೆ ಬಿದ್ದ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ಒಂದು ಅಳತೆ ಇತ್ತು. ಜನ ಸತ್ತಿದ್ದರೆ ಮುಖಪುಟ, ದನ ಸತ್ತಿದ್ದರೆ ಜಿಲ್ಲಾ ಪುಟ, ಯಾರೂ ಸಾಯದೆ ಬರೀ ಗೋಡೆ ಬಿದ್ದಿದ್ದರೆ ನಾಲ್ಕು ಸಾಲು. ಶಹಾಪುರದಿಂದ ಆ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನಾನು ಆ ಅಳತೆಯನ್ನು ಪ್ರಶ್ನಿಸಿದವನಲ್ಲ. ನಾಲ್ಕು ಸಾಲಿನಲ್ಲಿ ಊರು, ದಿನ, ಮನೆಯವರ ಹೆಸರು, ಸ್ಥಳಕ್ಕೆ ಯಾವ ಅಧಿಕಾರಿ ಭೇಟಿ ಕೊಟ್ಟರು ಎಂಬುದು ಹಿಡಿಸಿದರೆ ನನ್ನ ಕೆಲಸ ಮುಗಿಯಿತು. ಇಲ್ಲಿ ಬರೆಯುತ್ತಿರುವುದು ಆ ನಾಲ್ಕು ಸಾಲಿನಲ್ಲಿ ಹಿಡಿಸದೆ ಉಳಿದ ಒಂದು ಗೋಡೆಯ ಸಂಗತಿ. ನಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂಬುದನ್ನು ಆದಷ್ಟು ಬಿಡಿಸಿ ಹೇಳುತ್ತೇನೆ.

ಆ ವರ್ಷ ಶ್ರಾವಣ ಹತ್ತುವ ಮುಂಚೆ ಮೂರು ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ನಮ್ಮ ಕಡೆಯ ಮಣ್ಣು ಮಾಳಿಗೆಯ ಮನೆಗಳು ಜೋರು ಮಳೆಗೆ ಬೀಳುವುದು ಕಡಿಮೆ. ಜೋರಾಗಿ ಬಂದ ಮಳೆ ಬಂದಷ್ಟೇ ಬೇಗ ಹರಿದುಹೋಗುತ್ತದೆ. ಜಿಟಿಜಿಟಿ ಮಳೆ ಹಾಗಲ್ಲ, ಅದು ಗೋಡೆಯೊಳಗೆ ಇಳಿದು ಕೂರುತ್ತದೆ. ಕಲ್ಲು ಇದ್ದಲ್ಲೇ ಇರುತ್ತದೆ, ಕಲ್ಲನ್ನು ಹಿಡಿದುಕೊಂಡಿದ್ದ ಮಣ್ಣು ಕೆಸರಾಗುತ್ತದೆ. ನಾಲ್ಕನೆಯ ದಿನ ಬಿಸಿಲು ಬಿದ್ದು, ಇನ್ನೇನು ಗಂಡಾಂತರ ಕಳೆಯಿತು ಎಂದು ಜನ ಹಾಸಿಗೆ ಒಣಹಾಕುವ ಹೊತ್ತಿಗೆ ಗೋಡೆ ಕುಸಿಯುತ್ತದೆ.

ದೋರನಹಳ್ಳಿ ದಾಟಿ ಭೀಮಾ ನದಿಯ ಕಡೆಗೆ ಇಳಿಯುವ ಒಂದು ಊರಿಗೆ ಹೋದದ್ದು ಅಂಥ ದಿನ. ಹೊಳೆಗೆ ಹತ್ತಿರದ ಓಣಿಯಲ್ಲಿ ಎದುರುಬದುರಿನ ಎರಡು ಮನೆಗಳ ಗೋಡೆ ಬಿದ್ದಿದ್ದವು. ಒಂದು ಮನೆಯಲ್ಲಿ ಹೆಂಡತಿ ಸತ್ತು ಒಬ್ಬನೇ ಇದ್ದ ವಯಸ್ಸಾದ ಮನುಷ್ಯ. ಓಣಿಗೆಲ್ಲ ಅವನು ಮುತ್ಯಾ, ಅಂದರೆ ಅಜ್ಜ. ಎದುರಿನದು ನಲವತ್ತು ದಾಟಿದ ಗಂಡ ಹೆಂಡತಿಯದು. ಗಂಡ ಹೊಳೆಯಲ್ಲಿ ನೀರಿದ್ದಾಗ ಬಲೆ ಬೀಸುವವನು, ಇಲ್ಲದಾಗ ಕೂಲಿಗೆ ಹೋಗುವವನು. ಹೆಂಡತಿ ಹತ್ತಿ ಬಿಡಿಸುವ ಕೂಲಿಗೆ ಹೋಗುವಾಕೆ. ಒಬ್ಬಳೇ ಮಗಳನ್ನು ಹುಣಸಗಿ ಕಡೆಯ ಊರಿಗೆ ಕೊಟ್ಟಿದ್ದರು.

ಆ ಹೆಂಡತಿ ನನ್ನ ಕೈಯಲ್ಲಿ ಫೋನು ಕಂಡ ಕೂಡಲೆ ಬಂದು ನಿಂತಳು.

“ಹಿಡೀರಿ ಅಣ್ಣಾರ, ಫೋಟೋ ಹಿಡೀರಿ. ನನ್ನ ಮಾರಿ ಬ್ಯಾಡ, ಗೋಡಿ ಹಿಡೀರಿ.”

ಮುತ್ಯಾ ತನ್ನ ಕಟ್ಟೆಯ ಮೇಲಿಂದಲೇ ಅಂದ: “ಆಕಿ ಮಾರಿ ಬಂದ್ರ ಪೇಪರ್ ಯಾರೂ ಕೊಳ್ಳಂಗಿಲ್ಲ ಅಂತ ಆಕಿಗೇ ಗೊತ್ತದ.”

“ನಿನ್ನ ಮಾರಿ ಹಾಕಿದ್ರ ಬಿದ್ದ ಗೋಡಿ ಫೋಟೋನೇ ಬ್ಯಾಡ ಮುತ್ಯಾ. ಸುಮ್ಕ ಕುಂದ್ರು.”

ಬಿದ್ದದ್ದು ಪಡುವಣ ಗೋಡೆ. ಒಳಮನೆಯ ತೊಲೆಯ ಒಂದು ತುದಿ ಜೋತುಬಿದ್ದಿತ್ತು. ಕೆಳಗೆ ಹಿಟ್ಟಿನ ಡಬ್ಬಿಗಳು ಕೆಸರಿನಲ್ಲಿ ಹೂತಿದ್ದವು. ನಾನು ಎರಡೂ ಮನೆಗಳ ಫೋಟೋ ತೆಗೆದೆ. ಮರುದಿನ ಪತ್ರಿಕೆಯಲ್ಲಿ ಬಂದದ್ದು ಮುತ್ಯಾನ ಮನೆಯ ಫೋಟೋ. ಅಲ್ಲಿ ಮಾಳಿಗೆಯೂ ಕುಸಿದಿತ್ತು, ನೋಡುವವರಿಗೆ ಬೇಗ ಅರ್ಥವಾಗುತ್ತಿತ್ತು. ಈಕೆಯ ಗೋಡೆ ನನ್ನ ಫೋನಿನಲ್ಲೇ ಉಳಿಯಿತು.

ಹೊರಡುವಾಗ ಆಕೆ ಕೇಳಿದ್ದು ಒಂದೇ ಮಾತು. ಸರ್ಕಾರದ ಪರಿಹಾರ ಎಷ್ಟು ದಿನಕ್ಕೆ ಬರುತ್ತದೆ? ಮಗಳಿಗೆ ಆರನೆಯ ತಿಂಗಳು. ಮೊದಲ ಹೆರಿಗೆ ತವರಿನದು. ಕುಬಸ, ಅಂದರೆ ಸೀಮಂತ ಮಾಡಿ, ಮಗಳನ್ನು ಕರೆತಂದು, ಹೆರಿಗೆ ಮಾಡಿಸಿ, ಐದು ತಿಂಗಳು ಬಾಣಂತನ ಮಾಡಿ, ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವುದು ನಮ್ಮಲ್ಲಿ ತಾಯಿಯಾದವಳ ಕೆಲಸ. ಅದಕ್ಕೆ ಗಾಳಿ ಹೊಗದ ಒಂದು ಒಳಮನೆ ಬೇಕು. “ಕಲ್ಲು ಸಿಮೆಂಟಿನ ಗೋಡಿ ಒಂದ್ ಕಟ್ಟಿ, ಮ್ಯಾಲ ತಗಡ ಹಾಕಿದ್ರ ಸಾಕ್ರಿ. ದೀಪಾವಳಿ ಸುತ್ತ ಹಡೀತಾಳ,” ಅಂದಳು. ಸರ್ವೆಗೆ ಬರುತ್ತಾರೆ, ನೋಡಿ ಬರೆದುಕೊಳ್ಳುತ್ತಾರೆ, ಆಮೇಲೆ ಬರುತ್ತದೆ ಎಂದು ನಾನು ಹೇಳಿದೆ. ಅಷ್ಟು ನನಗೆ ಗೊತ್ತಿತ್ತು.

ಸರ್ವೆಯವರು ಬರುವುದರೊಳಗೆ ಪಂಚಮಿ ಬಂತು.

ಇದು ನಾನು ಕಂಡದ್ದಲ್ಲ, ಆಮೇಲೆ ಓಣಿಯವರೆಲ್ಲ ಹೇಳಿದ್ದು. ಪಂಚಮಿಗೆ ಮಗಳು ಬರುವವಳಿದ್ದಳು. ಬಸುರಿ ಮಗಳು ಬಿದ್ದ ಗೋಡೆ ನೋಡುತ್ತ ತವರಿನ ಹೊಸ್ತಿಲು ದಾಟಬಾರದು ಎಂಬುದು ಈ ತಾಯಿಯ ಅತ್ತೆಯ ಕಾಲದಿಂದ ನಡೆದುಬಂದ ಮಾತು. ಅದನ್ನು ಮುರಿಯುವ ಧೈರ್ಯ ಆಕೆಗೂ ಇರಲಿಲ್ಲ, ಓಣಿಗೂ ಇರಲಿಲ್ಲ. ಬಿದ್ದ ಮಣ್ಣನ್ನೇ ಹೊಟ್ಟು ಹಾಕಿ ತುಳಿದು ಕಲಸಿದರು. ಈ ಓಣಿಯಲ್ಲಿ ಒಬ್ಬರ ಮನೆಯ ಗೋಡೆಗೆ ಇನ್ನೊಬ್ಬರು ಕೂಲಿ ಕೇಳುವುದಿಲ್ಲ. ಇವತ್ತು ಬಂದು ದುಡಿದವರ ಮನೆಗೆ ನಾಳೆ ಹೋಗಿ ದುಡಿದು ತೀರಿಸಿದರಾಯಿತು. ಹಾಗೆ ನಾಲ್ಕು ದಿನದಲ್ಲಿ, ಮಳೆ ಬಿಟ್ಟ ಹೊತ್ತು ನೋಡಿ ಗೋಡೆ ಎತ್ತಿದರು. ತೊಲೆಯ ಕೆಳಗೆ ಒಂದು ಗೂಟ ಕೊಟ್ಟರು. ಆಕೆ ಹಸಿ ಗೋಡೆಯ ಮೇಲೆ ಸಗಣಿ ಸಾರಿಸಿ, ಸುಣ್ಣ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದಳು. ಮಗಳು ಬಂದಳು, ಹಬ್ಬದ ಉಂಡಿ ತಿಂದಳು, ಐದು ದಿನ ಇದ್ದು ಹೋದಳು.

ಮುತ್ಯಾ ಮಾತ್ರ ತನ್ನ ಗೋಡೆಯನ್ನು ಮುಟ್ಟಲಿಲ್ಲ. ಅವನಿಗೆ ಬರುವ ಮಗಳಿರಲಿಲ್ಲ. ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತು ಹಬ್ಬ ಮಾಡಿದ.

ಸರ್ವೆಯ ದಿನ ನಾನು ಅಲ್ಲಿದ್ದೆ. ಒಬ್ಬ ಇಂಜಿನಿಯರ್, ಒಬ್ಬ ಗ್ರಾಮ ಲೆಕ್ಕಿಗ. ಇಂಜಿನಿಯರ್ ದಕ್ಷಿಣದ ಕಡೆಯ ಹುಡುಗ, ಒರಟು ಮನುಷ್ಯನಲ್ಲ. ಮುತ್ಯಾನ ಮನೆ ನೋಡುವುದು ಐದು ನಿಮಿಷದಲ್ಲಿ ಮುಗಿಯಿತು. ಈಕೆ ಅಧಿಕಾರಿಗಳು ಬರುತ್ತಾರೆಂದು ಮತ್ತೊಮ್ಮೆ ಸಾರಿಸಿ, ಬಾಗಿಲ ಮುಂದೆ ರಂಗೋಲಿ ಹಾಕಿ, ಚಹಾಕ್ಕೆ ಇಟ್ಟಿದ್ದಳು. ಇಂಜಿನಿಯರ್ ಒಳಗೆ ಬಂದು ಸುತ್ತ ನೋಡಿದ.

“ಎಲ್ಲಿ ಬಿದ್ದಿದೆ?”

“ಇದೇ ರೀ ಸಾಹೇಬ್ರ.”

“ಇದು ನಿಂತಿದೆಯಲ್ಲಮ್ಮ.”

“ಬಿದ್ದಿತ್ರೀ. ನಾವೇ ಎತ್ತೀವಿ. ಪಂಚಮಿ ಇತ್ತಲ್ರಿ, ಮಗಳು ಬರಾಕಿ ಇದ್ಲು.”

“ನಾವು ಬಂದು ನೋಡೋವರೆಗೂ ಹಾಗೇ ಬಿಡಬೇಕಿತ್ತು.”

“ಎಷ್ಟ್ ದಿನ ಬಿಡೋದ್ರಿ? ನಿಮ್ಮ ಮನಿ ಗೋಡಿ ಬಿದ್ರ ನೀವ್ ಹಂಗೇ ಬಿಟ್ಟು ಮಲಗ್ತೀರೇನ್ರಿ?”

ಲೆಕ್ಕಿಗ ನಡುವೆ ಬಾಯಿ ಹಾಕಿದ: “ಯಕ್ಕಾ, ಅವ್ರದು ಬಾಡಿಗಿ ಮನಿ. ಬಿದ್ರ ಮಾಲಕಂದು ಬೀಳತದ.”

ಇಂಜಿನಿಯರ್ ನಕ್ಕ, ಆಕೆ ನಗಲಿಲ್ಲ. ಅವನು ಗೋಡೆಗೆ ಅಂಗೈ ಒತ್ತಿ ನೋಡಿದ. ಅಂಗೈ ಬೆಳ್ಳಗಾಯಿತು, ಸುಣ್ಣದ ಕೆಳಗೆ ಹಸಿ ಇತ್ತು. “ಇದು ಇನ್ನೊಂದು ಮಳೆ ತಡೆಯೋದಿಲ್ಲ,” ಎಂದು ಲೆಕ್ಕಿಗನಿಗೆ ಹೇಳಿದ. ಆಮೇಲೆ ಫೋನು ತೆಗೆದ. ಆ ಫೋನಿನಲ್ಲಿ ಮನೆ ಪೂರ್ತಿ ಬಿದ್ದಿದೆ, ಅರ್ಧ ಬಿದ್ದಿದೆ, ಸ್ವಲ್ಪ ಬಿದ್ದಿದೆ, ಬಿದ್ದಿಲ್ಲ ಎಂಬ ನಾಲ್ಕು ಸಾಲುಗಳಿದ್ದವು. ಬಿದ್ದು ಎದ್ದಿದೆ ಎಂಬ ಸಾಲು ಇರಲಿಲ್ಲ. ನಾನು ಅವನ ಹೆಗಲ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಕೊನೆಯ ಸಾಲನ್ನು ಒತ್ತಿದ, ಸುಣ್ಣ ಬಳಿದ ಗೋಡೆಯ ಫೋಟೋ ತೆಗೆದ, ಚಹಾ ಕುಡಿದು ಚೆನ್ನಾಗಿದೆ ಅಂದ.

ಆತ ಏನು ಒತ್ತಿದ ಎಂಬುದು ಆಕೆಗೆ ಗೊತ್ತಾಗಲಿಲ್ಲ. ನಾನೂ ಅಲ್ಲಿ ಹೇಳಲಿಲ್ಲ. ಪಂಚಾಯಿತಿಯ ಗೋಡೆಗೆ ಪರಿಹಾರದ ಪಟ್ಟಿ ಅಂಟಿಸಿದ ದಿನ ಗೊತ್ತಾಯಿತು. ಮುತ್ಯಾನ ಹೆಸರಿತ್ತು, ಆಕೆಯದು ಇರಲಿಲ್ಲ. ಮುತ್ಯಾ ಆ ದಿನ ಸಂತೋಷಪಡಲಿಲ್ಲವೆಂದು ಓಣಿಯವರು ಹೇಳಿದರು. “ಕೂತವ್ನಿಗೆ ಮನಿ, ದುಡದವ್ರಿಗೆ ಮಣ್ಣು. ಎಂಥಾ ನ್ಯಾಯ ಮಾರಾಯಾ ಇದು,” ಎಂದು ಪಟ್ಟಿಯ ಮುಂದೆ ನಿಂತು ಗಟ್ಟಿಯಾಗಿ ಅಂದನಂತೆ.

ಎರಡು ದಿನದ ಮೇಲೆ ಗಂಡ ಹೆಂಡತಿ ಶಹಾಪುರಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಆಕೆಗೆ ಫೋಟೋ ನೆನಪಿತ್ತು.

“ಅಣ್ಣಾರ, ಅವತ್ತು ಹಿಡದಿದ್ರಲ್ಲ, ಅದು ಅದನೋ ಅಳಿಸೀರೋ?”

ಇತ್ತು. ತೆಗೆದ ದಿನ, ಹೊತ್ತು ಎಲ್ಲ ಅದರಲ್ಲೇ ಇತ್ತು. ನಾನು ಅದನ್ನು ದೊಡ್ಡದಾಗಿ ಮುದ್ರಿಸಿಕೊಂಡು, ಅವರನ್ನು ಕರೆದುಕೊಂಡು ತಹಸೀಲ್ ಕಚೇರಿಗೆ ಹೋದೆ. ಇದು ಪತ್ರಕರ್ತನ ಕೆಲಸವಲ್ಲ ಎಂದು ಗೊತ್ತಿತ್ತು. ಆದರೂ ಫೋಟೋ ನಿಜವಾಗಿತ್ತು, ನಿಜವನ್ನು ತೋರಿಸುವುದರಲ್ಲಿ ತಪ್ಪಿಲ್ಲ ಎಂದುಕೊಂಡೆ.

ಮನೆ ಹಾನಿಯ ಕಡತ ನೋಡುತ್ತಿದ್ದ ಗುಮಾಸ್ತರು ನಿವೃತ್ತಿಗೆ ಹತ್ತಿರವಾದವರು, ನನಗೆ ಪರಿಚಿತರು. ಫೋಟೋವನ್ನು ಗಮನವಿಟ್ಟು ನೋಡಿದರು. ನಂತರ ಬೇರೆ ಕಡತ ತೆಗೆದು, ಅದರಲ್ಲಿ ಅಂಟಿಸಿದ್ದ ಪತ್ರಿಕೆಯ ತುಣುಕನ್ನು ನನ್ನ ಕಡೆ ತಿರುಗಿಸಿದರು.

“ಇದು ನಿಮ್ಮದೇ ಅಲ್ರಿ?”

ನನ್ನದೇ. ಹಿಂದಿನ ಮಳೆಗಾಲದಲ್ಲಿ ಸುರಪುರ ಕಡೆಯ ಒಂದು ಊರಿನಲ್ಲಿ, ವಾಸವೇ ಇಲ್ಲದ ದನದ ಕೊಟ್ಟಿಗೆಯ ಗೋಡೆ ಕೆಡವಿ, ಯಾವುದೋ ಮನೆಯ ಹಳೆಯ ಫೋಟೋ ಕೊಟ್ಟು ಕೆಲವರು ಪರಿಹಾರ ಪಡೆದಿದ್ದರು. ನಾನು ಎರಡು ವಾರ ತಿರುಗಿ, ದಾಖಲೆ ನೋಡಿ ಬರೆದಿದ್ದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ವಿಚಾರಣೆಯಾಯಿತು, ಯಾದಗಿರಿಯಲ್ಲಿ ಸಭೆಯಾಯಿತು, ಹೊಸ ಸೂಚನೆ ಬಂತು. ಜನ ಕೊಟ್ಟ ಫೋಟೋ ಒಪ್ಪಬಾರದು; ಸರ್ವೆಗೆ ಹೋದ ಅಧಿಕಾರಿ ಸ್ಥಳದಲ್ಲೇ ತೆಗೆದ ಫೋಟೋ ಮಾತ್ರ ಲೆಕ್ಕಕ್ಕೆ; ಅದರಲ್ಲಿ ಬಿದ್ದ ಗೋಡೆ ಕಾಣಬೇಕು. ಆ ಸೂಚನೆಯ ಸುದ್ದಿಯನ್ನೂ ನಾನೇ ಬರೆದಿದ್ದೆ, ವರದಿಯ ಫಲಶ್ರುತಿ ಎಂಬ ತಲೆಬರಹದಲ್ಲಿ.

“ಖರೇ ಬರದೀರಿ. ತಪ್ಪು ಅನ್ನಾಕತ್ತಿಲ್ಲ ನಾ,” ಅಂದರು ಗುಮಾಸ್ತರು. “ಆದ್ರ ಈಗ ಈ ಫೋಟೋ ನಾ ಹೆಂಗ ತಗೊಳ್ಳಿ ಹೇಳ್ರಿ? ನಾಳೆ ನೀವೇ ಬರೀತೀರಿ, ಗುಮಾಸ್ತ ಹೊರಗಿನ ಫೋಟೋ ತಗೊಂಡಾನ ಅಂತ.”

ಆಕೆ ಟೇಬಲ್ಲಿನ ಅಂಚು ಹಿಡಿದು ನಿಂತಿದ್ದಳು. “ಸಾಹೇಬ್ರ, ಇವ್ರು ಬರದದ್ದು ಕಳ್ಳರ ಬಗ್ಗಿ. ನಾವ್ ಕಳ್ಳರಲ್ರಿ.”

“ಕಳ್ಳರಲ್ಲ ಅಂತ ನನಗ ಗೊತ್ತದ ತಂಗಿ. ಫೋನಿಗೆ ಗೊತ್ತಿಲ್ಲ.” ಅವರು ಕಡತ ಕಟ್ಟಿದರು. “ಒಂದ್ ದಾರಿ ಅದ. ಬಿಟ್ಟುಹೋದವ್ರ ಮನಿ ನೋಡಾಕ ಇನ್ನೊಂದು ಸರ್ವೆ ಮಾಡಬೇಕಂತ ಮ್ಯಾಲಿಂದ ಮಾತು ಬಂದದ. ಅರ್ಜಿ ಕೊಟ್ಟು ಹೋಗ್ರಿ. ಆದ್ರ ಅವ್ರು ಬಂದಾಗ ಗೋಡಿ ಬಿದ್ದಿರಬೇಕು.”

ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಆಕೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದಳು. ಹೊರಗೆ ಮೆಟ್ಟಿಲ ಮೇಲೆ ಬಂದಾಗ ಗಂಡ ಮುಂದೆ ನಡೆದ, ಆಕೆ ನಿಂತಳು.

“ಅಣ್ಣಾರ, ಬಿದ್ದಿರಬೇಕು ಅಂದ್ರಲ್ಲ ಅವ್ರು. ತಾನೇ ಬಿದ್ದದ್ದೋ, ನಾವು ಕೆಡವಿದ್ದೋ, ಅದು ಹೆಂಗ ತಿಳೀತದ್ರಿ?”

ನಾನು ಅರ್ಜಿಯ ಪ್ರತಿಯನ್ನು ಮಡಚಿ ಆಕೆಯ ಕೈಗೆ ಕೊಟ್ಟೆ.

“ನಾವ್ ಕೆಡವಿದ್ರ ನೀವು ಪೇಪರಿಗೆ ಬರೀತೀರೇನು?”

“ಹುಡಿಕ್ಯಾಡಿ ಬಂದು ಬರಿಯಂಗಿಲ್ಲಕ್ಕಾ. ಯಾರರ ಕೇಳಿದ್ರ ಸುಳ್ಳೂ ಹೇಳಂಗಿಲ್ಲ.”

“ಅಂದ್ರ ಕೆಡವಬೇಕೋ ಬ್ಯಾಡೋ?”

“ಅದು ನಾ ಹೇಳೋ ಮಾತಲ್ಲ.”

ಆಕೆ ಸೆರಗು ಸರಿಮಾಡಿಕೊಂಡಳು. “ನಿಮ್ಮದು ಬರೋಬ್ಬರಿ ಅದ ಬಿಡ್ರಿ. ಗೋಡಿ ನಮ್ಮದು,” ಅಂದು ಇಳಿದು ಹೋದಳು.

ನನಗೆ ಗೊತ್ತಿದ್ದು ಆಕೆಗೆ ಹೇಳದೆ ಉಳಿದ ಒಂದು ಸಂಗತಿ ಇತ್ತು. ಇಂಥ ಎರಡನೆಯ ಸರ್ವೆಯ ಮಾತನ್ನು ನಾನು ಹಿಂದೆಯೂ ಸಭೆಗಳಲ್ಲಿ ಕೇಳಿದ್ದೆ, ಬರೆದುಕೊಂಡಿದ್ದೆ. ಕೆಲವು ನಡೆದಿದ್ದವು, ಹಲವು ನಡೆದಿರಲಿಲ್ಲ. ಈ ಸಲ ನಡೆಯುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಆದರೆ ಅನ್ನಿಸಿದ್ದು ಸುದ್ದಿಯಲ್ಲ. ಖಚಿತವಾಗದ್ದನ್ನು ಬರೆಯಬಾರದು ಎಂದು ಕಲಿತವನು ನಾನು, ಖಚಿತವಾಗದ್ದನ್ನು ಬಾಯಲ್ಲಿ ಆಡುವುದನ್ನೂ ಬಿಟ್ಟಿದ್ದೆ. ಮೆಟ್ಟಿಲ ಮೇಲೆ ನಿಂತು, ಕಾಯ್ದು ನೋಡಿ, ಸರ್ವೆಯವರು ಊರಿಗೆ ಬಂದ ಸುದ್ದಿ ತಿಳಿದ ಮೇಲೆ ಬೇಕಾದರೆ ಕೆಡವಿರಿ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು.

ಗೋಡೆ ಕೆಡವಿದ್ದನ್ನು ನಾನು ಕಂಡಿಲ್ಲ. ಆಕೆಯ ಗಂಡ ಆಮೇಲೆ ಹೇಳಿದ. ಅವನು ಮಾತು ಕಡಿಮೆಯ ಮನುಷ್ಯ, ಕೈಯಲ್ಲಿ ಸದಾ ಬಲೆಯ ದಾರವೋ ಸೂಜಿಯೋ ಇರುತ್ತಿತ್ತು. ಮಹಾನವಮಿ ಅಮಾವಾಸ್ಯೆ ಕಳೆದ ಮೂರನೆಯ ದಿನ ಸರ್ವೆಯವರು ಬರುತ್ತಾರೆಂದು ಯಾರೋ ಪಂಚಾಯಿತಿಯಲ್ಲಿ ಹೇಳಿದರಂತೆ. ಹಿಂದಿನ ದಿನ ಗಂಡ ಹೆಂಡತಿ ಇಬ್ಬರೇ ಕೂಡಿ ಕೆಡವಿದರು. ಓಣಿಯವರು ಎತ್ತಿದ ಗೋಡೆ ಅದು. ಅವರ ಕಣ್ಣೆದುರಿಗೆ ಕೆಡವಲು ನಾಚಿಕೆಯಾಗಿ, ಎಲ್ಲರೂ ಹತ್ತಿ ಹೊಲಕ್ಕೆ ಹೋದ ಹೊತ್ತು ನೋಡಿ ಹಾರೆ ಹಾಕಿದರು.

“ಬೀಳಬಾರದು ಅಂದ್ರ ಬೀಳತದ್ರಿ, ಬೀಳು ಅಂದ್ರ ಬೀಳಂಗಿಲ್ಲ,” ಅಂದ ಅವನು. “ಒಣಗಿ ಗಟ್ಟಿ ಆಗಿತ್ತು. ಇಂಜಿನಿಯರ್ ಸಾಹೇಬ್ರು ಇದು ಮಳಿ ತಡಿಯಂಗಿಲ್ಲ ಅಂದಿದ್ರು. ನಾಕ್ ಮಳಿ ತಡದಿತ್ತು. ನಮ್ಮ ಹಾರಿಗೆ ಕೈ ಬೊಬ್ಬಿ ಎದ್ದು ಹ್ವಾದ್ವು.”

ಸರ್ವೆಯವರು ಬರಲಿಲ್ಲ. ಮರುದಿನವೂ ಇಲ್ಲ, ಆ ವಾರವೂ ಇಲ್ಲ. ನಾನು ಕಚೇರಿಗೆ ಹೋಗಿ ಕೇಳಿದಾಗ ಗುಮಾಸ್ತರು ಕಂಪ್ಯೂಟರಿನ ಕಡೆ ಬೆರಳು ಮಾಡಿದರು. ಮನೆಗಳ ವಿವರ ತುಂಬುವ ಪೋರ್ಟಲ್ ಮುಚ್ಚಿತ್ತು. ಸರ್ವೆ ಮಾಡಿದರೂ ತುಂಬಲು ಜಾಗವಿರಲಿಲ್ಲ, ಆದ್ದರಿಂದ ಸರ್ವೆಯೂ ಇಲ್ಲ. ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ನಾನು ಅದನ್ನು ನಾಲ್ಕು ಸಾಲು ಬರೆದು ಕಳಿಸಿದೆ. ಜಾಹೀರಾತು ಹೆಚ್ಚಾಗಿ ಆ ಸಾಲುಗಳು ಬರಲಿಲ್ಲ.

ಅಷ್ಟರಲ್ಲಿ ಮಗಳಿಗೆ ಎಂಟು ತುಂಬುತ್ತ ಬಂದಿತ್ತು. ಕುಬಸ ಗಂಡನ ಮನೆಯಲ್ಲಿ ಆಗಿತ್ತು. ಕರೆತರುವ ದಿನ ಗೊತ್ತುಮಾಡುವ ಮುಂಚೆ ಬೀಗತಿ, ಅಂದರೆ ಮಗಳ ಅತ್ತೆ, ಒಮ್ಮೆ ಈ ಊರಿಗೆ ಬಂದಳು. ಬೇರೆ ಕೆಲಸದ ನೆಪ ಇತ್ತು, ಬಂದದ್ದು ಮನೆ ನೋಡಲು. ನಾನು ಆ ದಿನ ಮುತ್ಯಾನ ಹೊಸ ಮನೆಯ ಪಾಯ ನೋಡಲು ಹೋಗಿದ್ದರಿಂದ ಇದನ್ನು ಕಣ್ಣಾರೆ ಕಂಡೆ.

ಓಣಿಯವರು ಎತ್ತಿದ್ದನ್ನು ತಾವೇ ಕೆಡವಿ, ಮತ್ತೆ ಎತ್ತಿಕೊಡಿ ಎಂದು ಕೇಳಲು ಅವರಿಗೆ ಮುಖವಿರಲಿಲ್ಲ. ಗೋಡೆ ಇದ್ದ ಜಾಗದಲ್ಲಿ ಗಂಡ ಹಳೆಯ ಬಲೆಯನ್ನು ಎರಡು ಪದರ ಮಾಡಿ ಕಟ್ಟಿ, ಅದಕ್ಕೆ ಸೀರೆಗಳನ್ನೂ ಗೊಬ್ಬರದ ಚೀಲಗಳನ್ನೂ ಹೊಲಿದಿದ್ದ. ಅಚ್ಚುಕಟ್ಟಾಗಿಯೇ ಇತ್ತು. ಹೊಳೆಯ ಕಡೆಯಿಂದ ಗಾಳಿ ಬಂದಾಗ ಇಡೀ ಪರದೆ ಉಬ್ಬಿ ಮನೆಯೊಳಕ್ಕೆ ಬರುತ್ತಿತ್ತು, ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಬೀಗತಿ ಚಹಾದ ಬಟ್ಟಲು ಹಿಡಿದು ಅದನ್ನೇ ನೋಡುತ್ತ ಕೂತಿದ್ದಳು. ಕೆಟ್ಟ ಹೆಂಗಸಲ್ಲ.

“ಪಂಚಮಿಗೆ ಬಂದಾಗ ಗೋಡಿ ಇತ್ತಂತ ನಿಮ್ಮ ಮಗಳು ಹೇಳಿದ್ಲಲ್ರಿ ಅಕ್ಕೋರ?” ಎಂದು ಕೇಳಿದಳು.

ಈಕೆ ಒಮ್ಮೆ ನನ್ನನ್ನು ನೋಡಿದಳು. ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. “ಬಿತ್ತ್ರಿ,” ಅಂದಳು.

“ಹಂಗಾದ್ರ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹಸಿ ಬಾಣಂತಿ, ಥಂಡಿ ದಿನ, ಮ್ಯಾಲ ಹೊಳಿ ಗಾಳಿ. ಕೂಸಿಗೂ ಆಗಂಗಿಲ್ಲ, ಆಕಿಗೂ ಆಗಂಗಿಲ್ಲ. ಈ ಸಲ ನಮ್ಮಲ್ಲೇ ಇರಲಿ ಬಿಡ್ರಿ. ಮುಂದಿಂದು ನೀವು ಮಾಡೀರಂತ.”

“ಮೊದಲಿಂದು ತವರಿಂದಲ್ರಿ.”

“ಹೌದ್ರಿ. ಯಾರು ಅಲ್ಲ ಅಂದ್ರು?”

ಬೀಗತಿ ಹೋದ ಮೇಲೆ ಮುತ್ಯಾ ಓಣಿ ದಾಟಿ ಬಂದ. ಯಾವಾಗಲೂ ಕೀಟಲೆ ಮಾಡುವವನು ಆ ದಿನ ಮೆಲ್ಲಗೆ ಮಾತಾಡಿದ. “ನನ್ನ ಮನ್ಯಾಗ ಇಟ್ಕೋ ಅಂತಿದ್ದೆನವ್ವಾ ಮಗಳಿನ. ನನ್ನ ಮನಿನೂ ಈಗ ಬರೇ ಕುಣಿ ಆಗ್ಯಾದ.” ಅವನ ಹಳೆಯ ಮನೆಯನ್ನು ಪೂರ್ತಿ ಕೆಡವಿ ಪಾಯ ತೋಡಿದ್ದರು. ಪಾಯದಲ್ಲಿ ನೀರು ನಿಂತಿತ್ತು. ಅವನು ಊರ ಗುಡಿಯಲ್ಲಿ ಮಲಗುತ್ತಿದ್ದ.

ಹೆರಿಗೆ ಸುರಪುರದ ಆಸ್ಪತ್ರೆಯಲ್ಲಾಯಿತು. ಹೆಣ್ಣುಕೂಸು. ನನಗೆ ತಿಳಿದದ್ದು ಶಹಾಪುರ ಬಸ್ ನಿಲ್ದಾಣದಲ್ಲಿ. ಯಾವುದೋ ಸುದ್ದಿಗೆ ಯಾದಗಿರಿಗೆ ಹೊರಟಿದ್ದೆ. ಆಕೆ ಒಬ್ಬಳೇ ಹುಣಸಗಿ ಬಸ್ಸಿಗೆ ಕಾಯುತ್ತಿದ್ದಳು. ಕಾಲ ಬಳಿ ಎರಡು ಕೈಚೀಲ. ಒಂದರಲ್ಲಿ ಬಾಣಂತಿಯ ಉಂಡಿಗೆ ಕೊಬ್ಬರಿ, ಉತ್ತತ್ತಿ, ಅಂಟು. ಇನ್ನೊಂದರಲ್ಲಿ ಹಳೆಯ ಸೀರೆ ಹರಿದು ಹೊಲಿದ ಕೂಸಿನ ಬಟ್ಟೆ.

“ಅವ್ರು ಬರಲಿಲ್ಲೇನು?” ಎಂದು ಗಂಡನ ಬಗ್ಗೆ ಕೇಳಿದೆ.

“ಗೋಡಿ ಇಲ್ಲದ ಮನಿ ಬಿಟ್ಟು ಇಬ್ರೂ ಹೆಂಗ ಬರೋದ್ರಿ ಅಣ್ಣಾರ? ಅವ್ರು ಇನ್ನೂ ಮೊಮ್ಮಗಳ ಮಾರಿ ನೋಡಿಲ್ಲ.”

ನಾನು ಏನಾದರೂ ಹೇಳಬೇಕಿತ್ತು. ಮುಂದಿನ ಮಳೆಗಾಲದ ಪಟ್ಟಿಯಲ್ಲಿ ಹೆಸರು ಬರಬಹುದು ಎಂಬ ಮಾತು ಬಾಯಿಗೆ ಬಂತು. ಬರಬಹುದು ಎಂಬುದು ಖಚಿತವಲ್ಲದ್ದರಿಂದ ಆಡಲಿಲ್ಲ. ಎಷ್ಟು ದಿನ ಇದ್ದು ಬರುತ್ತೀರಿ ಎಂದಷ್ಟೇ ಕೇಳಿದೆ.

“ಮೂರ ದಿನ ರೀ. ಅದರ ಮ್ಯಾಲ ಇದ್ರ ಚಂದ ಅಲ್ಲ, ಬೀಗರ ಮನಿ ಅದು.” ಬಸ್ಸು ಒಳಗೆ ಬಂತು. ಜನ ನುಗ್ಗಿದರು. ಆಕೆ ಚೀಲಗಳನ್ನು ಎತ್ತಿಕೊಂಡಳು. “ಕೂಸಿಗಿ ನೀರು ಹಾಕೂದು ಅವ್ರೇ ಶುರು ಮಾಡ್ಯಾರಂತ. ನಾ ಹೋದ ಮ್ಯಾಲ ಒಂದೆರಡು ಸಲ ಹಾಕಾಕ ಕೇಳ್ತೀನಿ. ಕೊಟ್ರ ಹಾಕ್ತೀನಿ.”

ಒಳಗೆ ಆಕೆಗೆ ಕೂರಲು ಜಾಗ ಸಿಗಲಿಲ್ಲ. ಕಂಬಿ ಹಿಡಿಯಲು ಕೈ ಬೇಕಿತ್ತು; ಕೂಸಿನ ಬಟ್ಟೆಯ ಚೀಲವನ್ನು ಕೂತಿದ್ದ ಒಬ್ಬ ಹೆಂಗಸಿನ ಮಡಿಲಿಗೆ ಕೊಟ್ಟಳು. ಬಸ್ಸು ಸುರಪುರದ ರಸ್ತೆಗೆ ತಿರುಗಿತು.